ಪದಚರ್ಚೆ: ಕಾಲಿನ ಶೇಕಡಾ, ದೇಹದ ಶೇಕಡಾ, ದುಡಿಮೆಯ ಶೇಕಡಾ – ಮೂರಕ್ಕೂ ‘ಅಂಗವೈಕಲ್ಯ’ ಸಾಕೇ?

ಬಲ್ಲವರೆಲ್ಲರಿಗೂ ನಮಸ್ಕಾರ.

ಕೆಲಸದ ವೇಳೆ ಗಾಯಗೊಂಡು ಮತ್ತೆ ದುಡಿಯಲಾಗದವರಿಗಾಗಿ ನಾವು ಕೆಲವರು ಸೇರಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಸಿದ್ಧಪಡಿಸುತ್ತಿದ್ದೇವೆ. ವಿಮೆಯಿಂದಲೋ ಮಾಲೀಕರಿಂದಲೋ ತಮಗೆ ಎಷ್ಟು ಹಣ ಬರಬಹುದು ಎಂಬುದನ್ನು ಗಾಯಗೊಂಡವರೇ, ಇಲ್ಲವೇ ಮನೆಯಲ್ಲಿ ಓದು ಬರಹ ಬಲ್ಲ ಮಗನೋ ಮಗಳೋ, ಕಾಗದ ಪೆನ್ನು ಹಿಡಿದು ಅಂದಾಜು ಮಾಡಿಕೊಳ್ಳುವಂತಿರಬೇಕು ಎಂಬುದು ನಮ್ಮ ಆಸೆ. ಲೆಕ್ಕ ಕಷ್ಟದ್ದಲ್ಲ, ಗುಣಾಕಾರ ಬಂದರೆ ಸಾಕು. ಯಾವುದನ್ನು ಯಾವುದರಿಂದ ಗುಣಿಸಬೇಕು ಎಂದು ಹೇಳಹೊರಟಾಗ ಪದಗಳು ಕೈಕೊಡುತ್ತಿವೆ.

ಮೊದಲನೆಯದು, ಎಲ್ಲಕ್ಕಿಂತ ತೊಡಕಿನದು, ‘ಅಂಗವೈಕಲ್ಯ’.

ಮೂವತ್ತು ವರ್ಷದ ಒಬ್ಬ ಹಮಾಲಿಯನ್ನು ಊಹಿಸಿಕೊಳ್ಳಿ. ಲಾರಿಯಿಂದ ಮೂಟೆ ಇಳಿಸುವಾಗ ಬಿದ್ದು ತೊಡೆಯ ಮೂಳೆ ಮುರಿದಿದೆ. ಮೂಳೆ ಕೂಡಿದೆ, ಆದರೆ ಓರೆಯಾಗಿ ಕೂಡಿದೆ. ಮಂಡಿ ಪೂರ್ತಿ ಮಡಚುವುದಿಲ್ಲ, ಕುಕ್ಕರಗಾಲಿನಲ್ಲಿ ಕೂರಲಾಗುವುದಿಲ್ಲ, ಹೆಗಲ ಮೇಲೆ ಭಾರ ಹೊತ್ತು ಹಲಗೆ ಹತ್ತಲಾಗುವುದಿಲ್ಲ. ವೈದ್ಯರು ಪ್ರಮಾಣಪತ್ರದಲ್ಲಿ ‘ಬಲಗಾಲಿಗೆ ಶೇ 30, ಇಡೀ ದೇಹಕ್ಕೆ ಶೇ 10 ಅಂಗವೈಕಲ್ಯ’ ಎಂದು ಬರೆಯುತ್ತಾರೆ. ಒಂದು ಅಂಗಕ್ಕೆ ಹೇಳಿದ ಪ್ರಮಾಣದ ಮೂರನೇ ಒಂದು ಭಾಗವನ್ನು ಇಡೀ ದೇಹದ್ದೆಂದು ಹಿಡಿಯುವ ರೂಢಿ ನಮ್ಮ ರಾಜ್ಯದ ಮೋಟಾರು ಅಪಘಾತ ನ್ಯಾಯಮಂಡಳಿಗಳಲ್ಲಿ ಬೇರೂರಿದೆ. ಆ ರೂಢಿ ಪ್ರಮಾಣಪತ್ರಗಳಿಗೂ ಇಳಿದಿದೆ.

ಈಗ ಹಣದ ಲೆಕ್ಕ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇಲ್ಲದ ಕಡೆ ದುಡಿಯುವವರಿಗೆ 1923ರ ನಷ್ಟ ಪರಿಹಾರ ಕಾಯ್ದೆಯ ಲೆಕ್ಕ ನಡೆಯುತ್ತದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದ್ದರೂ ಲೆಕ್ಕದ ಹಂದರ ಹಳೆಯದೇ. ತಿಂಗಳ ಕೂಲಿಯ ಶೇ 60 ತೆಗೆದುಕೊಂಡು, ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 2020ರ ಜನವರಿಯಿಂದ ಆ ಕಾಯ್ದೆಯಲ್ಲಿ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿ. ನಮ್ಮ ಹಮಾಲಿ ಅಷ್ಟು ದುಡಿಯುತ್ತಿದ್ದ ಎನ್ನೋಣ. ಶೇ 60 ಎಂದರೆ 9,000. ಮೂವತ್ತನೇ ವಯಸ್ಸಿಗೆ ಕಾಯ್ದೆಯ ಪರಿಶಿಷ್ಟದಲ್ಲಿ, ಅಂದರೆ ಕೊನೆಗೆ ಸೇರಿಸಿದ ಪಟ್ಟಿಯಲ್ಲಿ, ಇರುವ ಸಂಖ್ಯೆ 207.98. ಗುಣಿಸಿದರೆ 18,71,820 ರೂಪಾಯಿ. ಇದು ಪೂರ್ಣ ನಷ್ಟಕ್ಕೆ. ನಷ್ಟ ಭಾಗಶಃ ಆಗಿದ್ದರೆ ಅದರ ಶೇಕಡಾ ಎಷ್ಟೋ ಅಷ್ಟು.

ಯಾವುದರ ಶೇಕಡಾ? ದೇಹದ್ದು ಹಿಡಿದರೆ ಶೇ 10, ಅಂದರೆ 1,87,182 ರೂಪಾಯಿ. ಕಾಲಿನದು ಹಿಡಿದರೆ ಶೇ 30, ಅಂದರೆ 5,61,546. ಕಾಯ್ದೆ ಕೇಳುವುದು ಇವೆರಡನ್ನೂ ಅಲ್ಲ. ಈ ಮನುಷ್ಯನ ಗಳಿಸುವ ಸಾಮರ್ಥ್ಯ ಎಷ್ಟು ಕುಂದಿತು ಎಂದು ಅದು ಕೇಳುತ್ತದೆ. ಹಮಾಲಿ ಬಿಟ್ಟು ಬೇರೆ ಕೆಲಸ ತಿಳಿಯದ, ಅಕ್ಷರ ಬಾರದ ಒಬ್ಬನಿಗೆ ಆ ಪ್ರಮಾಣ ಶೇ 30ಕ್ಕಿಂತ ಎಷ್ಟೋ ಹೆಚ್ಚಿರಬಹುದು, ನೂರೂ ಆಗಬಹುದು. ಪರಿಶಿಷ್ಟದ ಪಟ್ಟಿಯಲ್ಲಿ ಇಲ್ಲದ ಇಂಥ ಗಾಯಗಳಿಗೆ ಆ ಸಾಮರ್ಥ್ಯದ ನಷ್ಟವನ್ನೇ ವೈದ್ಯರು ಅಳೆದು ಹೇಳಬೇಕು ಎಂದು ಕಾಯ್ದೆಯಲ್ಲಿದೆ. ಆದರೆ ನಾನು ನೋಡಿದ ಕನ್ನಡ ನಮೂನೆಗಳಲ್ಲಿ ‘ಅಂಗವೈಕಲ್ಯದ ಪ್ರಮಾಣ’ ಎಂಬ ಒಂದೇ ಖಾಲಿ ಜಾಗವಿರುತ್ತದೆ. ಅಲ್ಲಿ ಅಂಗದ ಲೆಕ್ಕ ಬಂದು ಕೂರುತ್ತದೆ. ಮುಂದಿನವರು ಅದನ್ನೇ ಹಣದ ಲೆಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಇಲ್ಲಿ ಆಗುವ ಅನ್ಯಾಯಕ್ಕೆ ಅರ್ಧ ಕಾರಣ ಪದವೇ ಎಂದು ನನಗೆ ಖಂಡಿತವಾಗಿ ಅನ್ನಿಸುತ್ತದೆ.

‘ವಿಕಲ’ ಎಂದರೆ ಭಾಗ ಕಳೆದದ್ದು, ಕುಂದಿದ್ದು. ಅದಕ್ಕೆ ‘ಅಂಗ’ ಸೇರಿದ ಮೇಲೆ ಕೇಳುವವರ ಕಣ್ಣ ಮುಂದೆ ಕೈಕಾಲೇ ಬರುತ್ತದೆ, ಬರಬೇಕಾದದ್ದೂ ಅದೇ. ದೇಹದ ಸ್ಥಿತಿಯನ್ನು ಹೇಳಲು ಆ ಪದ ಸರಿಯಾಗಿಯೇ ಇದೆ. ಇಂಗ್ಲಿಷ್ ಕಾಯ್ದೆಗಳು ಮಾತ್ರ ಇಲ್ಲಿ ಎರಡು ಪದ ಬಳಸುತ್ತವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವುದು ಡಿಸೆಬಿಲಿಟಿ. 1923ರ ಕಾಯ್ದೆಯಲ್ಲೂ 1948ರ ಇಎಸ್‌ಐ ಕಾಯ್ದೆಯಲ್ಲೂ ಹಣ ಕೊಡುವುದು ಡಿಸೇಬಲ್‌ಮೆಂಟ್‌ಗೆ. ಮೊದಲನೆಯದು ಬದುಕಿನಲ್ಲಿ ಎದುರಾಗುವ ಅಡ್ಡಿಗಳನ್ನು ಕುರಿತದ್ದು, ಎರಡನೆಯದು ದುಡಿಯುವ ಶಕ್ತಿ ಹೋದುದನ್ನು. ಕನ್ನಡದಲ್ಲಿ ಎರಡೂ ಅಂಗವೈಕಲ್ಯವೇ. ಇದರಿಂದ ಇನ್ನೊಂದು ಗೊಂದಲ ಹುಟ್ಟಿದೆ. 2016ರ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ 40ರ ಗೆರೆ ಇದೆ. ‘ನನ್ನದು ಬರೀ ಮೂವತ್ತು, ನನಗೇನೂ ಬರುವುದಿಲ್ಲವಂತೆ’ ಎಂದು ಪರಿಹಾರದ ಅರ್ಜಿಯನ್ನೇ ಹಾಕದೆ ಕುಳಿತವರನ್ನು ಕಂಡಿದ್ದೇನೆ. ನಷ್ಟ ಪರಿಹಾರಕ್ಕೆ ಆ ಗೆರೆ ಇಲ್ಲವೇ ಇಲ್ಲ.

ಮೋಟಾರು ಅಪಘಾತದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಗಳಿಕೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು. ಅದೇ ಗಾಯ ಸರ್ಕಾರಿ ಗುಮಾಸ್ತನಿಗೆ ಆಗಿದ್ದರೆ ಅವನ ಕೆಲಸ ಉಳಿಯಬಹುದು. ಗಾಯ ಒಂದೇ, ವೈದ್ಯರು ಬರೆಯುವ ಶೇಕಡಾ ಒಂದೇ, ನಷ್ಟ ಬೇರೆ. ಈ ಬೇರೆತನವನ್ನು ಹಿಡಿಯುವ ಕನ್ನಡ ಪದ ನನಗೆ ಬೇಕಾಗಿದೆ.

ನ್ಯಾಯಾಲಯದ ಕನ್ನಡದಲ್ಲಿ ‘ಗಳಿಕೆ ಸಾಮರ್ಥ್ಯದ ನಷ್ಟ’ ಎಂಬುದಿದೆ. ಅರ್ಥ ಖಚಿತವಾಗಿದೆ, ತಪ್ಪಿಲ್ಲ. ಆದರೆ ‘ಗಳಿಕೆ’ ಎಂದರೆ ಕೂಡಿಟ್ಟ ಆಸ್ತಿಪಾಸ್ತಿಯ ಛಾಯೆಯೂ ಬರುತ್ತದೆ. ಕೂಲಿಯವರಿಗೆ ಹೇಳಿದರೆ ‘ನಾನೇನು ಗಳಿಸಿದ್ದೇನೆ ಸ್ವಾಮಿ’ ಎನ್ನುತ್ತಾರೆ. ‘ಅಸಮರ್ಥತೆ’ ಎಂದರೆ ಕೆಲಸ ಬಾರದವನು ಎಂಬ ದೂರಿನಂತೆ ಕೇಳುತ್ತದೆ. ‘ಅಶಕ್ತತೆ’ ಮುಪ್ಪಿನ ಕಡೆಗೆ ವಾಲುತ್ತದೆ. ‘ಕೈಲಾಗದವ’ ಎಂಬುದರಲ್ಲಿ ತಾತ್ಸಾರ ಅಂಟಿಕೊಂಡಿದೆ, ಅದನ್ನು ಬಳಸುವ ಪ್ರಶ್ನೆಯೇ ಇಲ್ಲ.

ನನ್ನ ಒಲವು ‘ದುಡಿಮೆ’ಯ ಕಡೆಗೆ. ಈ ಪದಕ್ಕೆ ಶ್ರಮ ಎಂಬ ಅರ್ಥವೂ ಉಂಟು, ಶ್ರಮದಿಂದ ಬಂದ ಹಣ ಎಂಬ ಅರ್ಥವೂ ಉಂಟು. ‘ಅವನ ದುಡಿಮೆ ಎಷ್ಟು?’ ಎಂದರೆ ಸಂಪಾದನೆ ಎಷ್ಟು ಎಂದೇ ಕೇಳಿದಂತೆ. ‘ಆ ಮನೆ ಅವಳೊಬ್ಬಳ ದುಡಿಮೆಯಲ್ಲಿ ನಡೆಯುತ್ತಿದೆ’ ಎನ್ನುವಾಗ ಎರಡೂ ಅರ್ಥ ಒಟ್ಟಿಗೆ ಇರುತ್ತವೆ. ಕಾಯ್ದೆ ಅಳೆಯಲು ಹೊರಟಿರುವುದು ಇಂಥ ವಸ್ತುವನ್ನೇ. ಬರಿಯ ‘ದುಡಿಮೆಯ ನಷ್ಟ’ ಎಂದರೆ ಆಸ್ಪತ್ರೆಯಲ್ಲಿದ್ದ ದಿನಗಳ ಕೂಲಿ ಹೋಯಿತು ಎಂದು ತಿಳಿಯುವ ಅಪಾಯವಿದೆ. ಹಾಗಾಗಿ ‘ದುಡಿಯುವ ಶಕ್ತಿಯ ನಷ್ಟ’ ಅಥವಾ ‘ದುಡಿಮೆಶಕ್ತಿಯ ನಷ್ಟ’ ಎಂದು ಕರಡಿನಲ್ಲಿ ಬರೆದಿದ್ದೇನೆ. ಪ್ರಮಾಣಪತ್ರದ ಮಟ್ಟಿಗೆ ‘ಅಂಗದ ಊನ ಶೇ ಇಷ್ಟು, ದೇಹದ ಊನ ಶೇ ಇಷ್ಟು, ದುಡಿಮೆಶಕ್ತಿಯ ನಷ್ಟ ಶೇ ಇಷ್ಟು’ ಎಂದು ಮೂರು ಸಾಲುಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದೇನೆ. ‘ಊನ’ ಹಳೆಯ ಪದ, ಚಿಕ್ಕದು, ಕಡಿಮೆಯಾಯಿತು ಎಂಬುದನ್ನಷ್ಟೇ ಹೇಳುತ್ತದೆ. ಆದರೂ ಯಾರಿಗಾದರೂ ನೋವಾಗುವಂತೆ ಕೇಳುತ್ತದೆಯೇ? ದೇಹದಲ್ಲಿ ಕುಂದಿರುವವರು ನಿಮ್ಮಲ್ಲಿದ್ದರೆ ಅವರ ಮಾತೇ ನನಗೆ ಕೊನೆಯ ಮಾತು. ವ್ಯಕ್ತಿಗಳನ್ನು ಕರೆಯುವಲ್ಲೆಲ್ಲ ಇಲಾಖೆಯ ಹೆಸರಿನಲ್ಲೇ ಇರುವ ‘ವಿಕಲಚೇತನರು’ ಎಂಬುದನ್ನು ಉಳಿಸಿಕೊಂಡಿದ್ದೇವೆ. ಆ ಪದದ ಬಗ್ಗೆ ಬೇರೆಯದೇ ಚರ್ಚೆ ಬೇಕು, ಇಲ್ಲಿ ಎತ್ತುವುದಿಲ್ಲ.

ಎರಡನೆಯ ತೊಡಕು ವ್ಯಾಕರಣದ್ದು. ‘ಪೂರ್ಣ’ ಎನ್ನಿಸಿಕೊಳ್ಳಬೇಕಾದರೆ, ಅಪಘಾತದ ಹೊತ್ತಿಗೆ ಮಾಡಬಲ್ಲವನಾಗಿದ್ದ ಕೆಲಸಗಳೆಲ್ಲಕ್ಕೂ ಆತ ಅಸಮರ್ಥನಾಗಿರಬೇಕು ಎಂಬುದು ಕಾಯ್ದೆಯ ಮಾತು. ಒಂದು ನಮೂನೆಯಲ್ಲಿ ಇದು ‘ಅರ್ಜಿದಾರರು ಎಲ್ಲ ಕೆಲಸಗಳನ್ನು ಮಾಡಲು ಅಸಮರ್ಥರೇ?’ ಎಂದಾಗಿದೆ. ಕನ್ನಡದಲ್ಲಿ ‘ಎಲ್ಲ’ದ ಜೊತೆ ನಿಷೇಧ ಬಂದರೆ ಅರ್ಥ ಎರಡು ಕಡೆ ಹೊರಳುತ್ತದೆ. ‘ಎಲ್ಲ ಕೆಲಸ ಮಾಡಲಾರೆ’ ಎಂದರೆ ಕೆಲವನ್ನು ಮಾಡಬಲ್ಲೆ ಎಂದೂ ಆಯಿತು, ಒಂದನ್ನೂ ಮಾಡಲಾರೆ ಎಂದೂ ಆಯಿತು. ಇದನ್ನು ತಿದ್ದಲು ‘ಯಾವ ಕೆಲಸವನ್ನೂ ಮಾಡಲಾರಿರಾ?’ ಎಂದು ಕೇಳಿದರೆ ಪ್ರಾಮಾಣಿಕರು ಇನ್ನೂ ಹೆಚ್ಚು ಕಳೆದುಕೊಳ್ಳುತ್ತಾರೆ. ‘ಕುಳಿತಲ್ಲೇ ಹೂ ಕಟ್ಟಬಲ್ಲೆ’ ಎಂದು ಹಮಾಲಿ ಹೇಳಿದನೋ, ‘ಭಾಗಶಃ’ ಎಂದು ಗುರುತು ಬೀಳುತ್ತದೆ. ಹೂ ಕಟ್ಟುವುದು ಅವನು ಎಂದೂ ಮಾಡಿ ಹೊಟ್ಟೆ ಹೊರೆದ ಕೆಲಸವಲ್ಲ. ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಗಿ ಬಂದ ಒಬ್ಬ ಬಡಗಿಯ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲದ್ದರಿಂದ ಅದು ಪೂರ್ಣ ನಷ್ಟವೇ ಎಂಬ ನಿರ್ಣಯವನ್ನು ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಹೀಗೆ ಬರೆದಿದ್ದೇನೆ: ‘ಅಪಘಾತಕ್ಕೆ ಮೊದಲು ನೀವು ಮಾಡುತ್ತಿದ್ದ ಅಥವಾ ಮಾಡಬಲ್ಲವರಾಗಿದ್ದ ಕೆಲಸಗಳಲ್ಲಿ ಈಗ ಯಾವುದನ್ನಾದರೂ ಮಾಡಿ ದುಡಿಯಬಲ್ಲಿರಾ?’ ಉದ್ದವಾಯಿತು. ಇದಕ್ಕಿಂತ ಚಿಕ್ಕದಾಗಿ, ಅರ್ಥ ಕೆಡದಂತೆ ಬರೆಯಬಲ್ಲವರು ದಯವಿಟ್ಟು ಬರೆದು ತೋರಿಸಿ.

‘ಪೂರ್ಣ’ಕ್ಕೆ ವಿಮಾ ಯೋಜನೆಗಳಲ್ಲಿ ಮತ್ತೊಂದು ಅಳತೆಯಿದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಎರಡೂ ಕಣ್ಣು, ಎರಡೂ ಕೈ, ಎರಡೂ ಪಾದ, ಇಲ್ಲವೇ ಒಂದು ಕಣ್ಣಿನ ಜೊತೆ ಒಂದು ಕೈ ಅಥವಾ ಪಾದ ಹೋದರೆ ಪೂರ್ಣ, 2 ಲಕ್ಷ ರೂಪಾಯಿ. ಒಂದೇ ಕೈ ಹೋದರೆ ಭಾಗಶಃ, 1 ಲಕ್ಷ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಅಲ್ಲಿ ಕೇಳುವುದೇ ಇಲ್ಲ. ಆ ಬಡಗಿ ಒಂದು ಲೆಕ್ಕದಲ್ಲಿ ಪೂರ್ಣ, ಇನ್ನೊಂದರಲ್ಲಿ ಭಾಗಶಃ. ಇಲ್ಲಿ ನಿಜವಾಗಿಯೂ ಎಣಿಸುತ್ತಿರುವುದು ಅಂಗವನ್ನು, ಹಾಗಾಗಿ ‘ಅಂಗವೈಕಲ್ಯ’ ಈ ಯೋಜನೆಗೆ ಸರಿಯಾಗಿ ಒಪ್ಪುತ್ತದೆ. ಇದೂ ನನ್ನ ವಾದಕ್ಕೆ ಒಂದು ಆಧಾರ: ಅಂಗವನ್ನು ಎಣಿಸುವಲ್ಲಿ ಒಂದು ಪದ, ದುಡಿಮೆಯನ್ನು ಅಳೆಯುವಲ್ಲಿ ಇನ್ನೊಂದು.

‘ಗುಣಕ’ದ ಕಥೆ ಚಿಕ್ಕದು. ಮೇಲೆ ಹೇಳಿದ 207.98ನ್ನೂ ಗುಣಕ ಎನ್ನುತ್ತಾರೆ. ಮೋಟಾರು ಅಪಘಾತದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಂತೆ 26ರಿಂದ 30 ವಯಸ್ಸಿನವರಿಗೆ ಹಿಡಿಯುವ 17ನ್ನೂ ಗುಣಕ ಎನ್ನುತ್ತಾರೆ. ಮೊದಲನೆಯದು ತಿಂಗಳ ಕೂಲಿಗೆ, ಎರಡನೆಯದು ವರ್ಷದ ಆದಾಯಕ್ಕೆ. ತಿಂಗಳ ಕೂಲಿಯನ್ನು 17ರಿಂದ ಗುಣಿಸಿ ಇಷ್ಟೇನಾ ಎಂದು ಕಂಗಾಲಾಗುವವರಿದ್ದಾರೆ. ‘ತಿಂಗಳ ಗುಣಕ’, ‘ವರ್ಷದ ಗುಣಕ’ ಎಂದು ಬೇರೆ ಮಾಡಿದ್ದೇನೆ. ಇದಕ್ಕೆ ಯಾರ ಆಕ್ಷೇಪವೂ ಇರಲಾರದು ಎಂದುಕೊಂಡಿದ್ದೇನೆ.

ಇನ್ನು ಇಎಸ್‌ಐ. ಅಲ್ಲಿ ಗುಣಕವಿಲ್ಲ, ಸಾಮಾನ್ಯವಾಗಿ ಇಡಿಗಂಟೂ ಇಲ್ಲ. ಕೂಲಿಯ ಶೇ 90 ಪೂರ್ಣ ದರ. ವೈದ್ಯಕೀಯ ಮಂಡಳಿ ದುಡಿಮೆಶಕ್ತಿಯ ನಷ್ಟ ಎಷ್ಟೆಂದು ಹೇಳುತ್ತದೋ ಆ ಪ್ರಮಾಣದಲ್ಲಿ ಬದುಕಿರುವವರೆಗೆ ಹಣ ಬರುತ್ತದೆ. ದಿನದ ಸರಾಸರಿ ಕೂಲಿ 600 ಆದರೆ ಪೂರ್ಣ ದರ 540, ನಷ್ಟ ಶೇ 30 ಆದರೆ ದಿನಕ್ಕೆ 162 ರೂಪಾಯಿ. ಕಾರ್ಮಿಕರ ಬಾಯಲ್ಲಿ ಇದು ಪಿಡಿಬಿ (ಪರ್ಮನೆಂಟ್ ಡಿಸೇಬಲ್‌ಮೆಂಟ್ ಬೆನಿಫಿಟ್), ಗಾಯ ಮಾಯುವವರೆಗೆ ಕೊಡುವುದು ಟಿಡಿಬಿ (ಟೆಂಪರರಿ ಡಿಸೇಬಲ್‌ಮೆಂಟ್ ಬೆನಿಫಿಟ್). ಟಿಡಿಬಿಯನ್ನು ‘ತಾತ್ಕಾಲಿಕ ಅಂಗವೈಕಲ್ಯ ಸೌಲಭ್ಯ’ ಎಂದು ಬರೆದಾಗಲಂತೂ ಓದುವವರು ಬೆಚ್ಚುತ್ತಾರೆ. ಮುಂಗೈ ಮುರಿದು ಆರು ವಾರ ಪಟ್ಟಿ ಕಟ್ಟಿಸಿಕೊಂಡವನು ತನ್ನನ್ನು ಅಂಗವಿಕಲ ಎಂದುಕೊಳ್ಳುವುದಿಲ್ಲ. ಹಾಗೆ ಬರೆದ ಕಾಗದಕ್ಕೆ ಸಹಿ ಹಾಕಿದರೆ ಮುಂದೆ ಕೆಲಸಕ್ಕೆ ತೊಂದರೆಯಾದೀತೆಂದು ಹೆದರುತ್ತಾನೆ. ಈ ಭಯ ಸಣ್ಣದಲ್ಲ, ಇದರಿಂದ ಹಣ ಬಿಟ್ಟುಕೊಟ್ಟವರಿದ್ದಾರೆ. ‘ಗಾಯದ ರಜೆಯ ಭತ್ಯೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಕಾಯ್ದೆಯ ಪದದಿಂದ ದೂರ ಸರಿದು ಕಚೇರಿಯ ಕಿಟಕಿಯಲ್ಲಿ ಕೇಳಿದಾಗ ಹೊಂದದೆ ಹೋಗಬಹುದು. ‘ತಾತ್ಕಾಲಿಕವಾಗಿ ದುಡಿಯಲಾಗದ ಅವಧಿಯ ಭತ್ಯೆ’ ಎಂದು ಬರೆದು, ಪಕ್ಕದಲ್ಲೇ ಟಿಡಿಬಿ ಎಂದು ಹಾಕುವುದು ಸದ್ಯದ ಏರ್ಪಾಡು. ‘ಸೌಲಭ್ಯ’ಕ್ಕಿಂತ ‘ಭತ್ಯೆ’ ಆರಿಸಿದ್ದಕ್ಕೆ ಕಾರಣವಿದೆ. ಸೌಲಭ್ಯ ಎಂದರೆ ಯಾರೋ ಮಾಡಿಕೊಟ್ಟ ಅನುಕೂಲದಂತೆ ಕೇಳುತ್ತದೆ. ಇದು ಅವರ ಕೂಲಿಯಿಂದಲೂ ಮುರಿದುಕೊಂಡ ವಂತಿಗೆಯ ಹಣ, ಅವರ ಹಕ್ಕು.

ಇನ್ನೊಂದು ಮಾತು ಉತ್ತರ ಕರ್ನಾಟಕದವರಿಗೆ. ಆ ಕಡೆ ‘ಕಸುವು’ ಎಂಬ ಪದ ದಿನನಿತ್ಯದ ಮಾತಿನಲ್ಲಿ ಇನ್ನೂ ಬಾಳುತ್ತಿದೆ. ‘ದುಡಿಯುವ ಕಸುವು’ ಎಂದರೆ ನಿಮ್ಮಲ್ಲಿ ಬರೀ ಮೈಯ ಬಲವೋ, ಕೆಲಸ ಮಾಡಿ ಗಳಿಸುವ ತಾಕತ್ತೂ ಅದರಲ್ಲಿ ಸೇರುತ್ತದೆಯೋ? ಎರಡನೆಯದಾದರೆ ‘ದುಡಿಮೆಶಕ್ತಿ’ಯನ್ನು ಬಿಟ್ಟು ಅದನ್ನೇ ಹಿಡಿಯಲು ನಾನು ಸಿದ್ಧ. ಗಿರಣಿಗಳಲ್ಲಿ, ಎಪಿಎಂಸಿ ಅಂಗಳಗಳಲ್ಲಿ, ಗಾಯಗೊಂಡು ಮನೆಯಲ್ಲಿ ಉಳಿದವರ ಬಗ್ಗೆ ಜೊತೆಯವರು ಆಡುವ ಮಾತನ್ನು ಕಿವಿಯಾರೆ ಕೇಳಿದವರು ಇದ್ದಂತೆಯೇ ಬರೆದು ಕಳಿಸಿ. ಪದ ಒರಟಾಗಿದ್ದರೂ ಪರವಾಗಿಲ್ಲ. ಕೈಪಿಡಿ ಅಚ್ಚಿಗೆ ಹೋಗುವ ಮೊದಲು ಪ್ರಮಾಣಪತ್ರದ ಆ ಮೂರು ಸಾಲುಗಳನ್ನು ಕೆಲವು ವೈದ್ಯರಿಗೂ ತೋರಿಸಲಿದ್ದೇವೆ.