ಮಾವ ಕೊಟ್ಟ ಲೋಹದ ಸಿಪಾಯಿಗಳು: ಹಳೇ ಬಣ್ಣ ತೆಗೆಯಬೇಕಾ, ಬೇಡವಾ?

ಬಿಸ್ಕತ್_ಡಬ್ಬ (ಬಸವನಗುಡಿ)

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ 80ರ ದಶಕದಲ್ಲಿ ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದರು. ಅಲ್ಲಿ ಸಂಜೆ ಹೊತ್ತು ವಾರ್‌ಗೇಮ್, ಅಂದರೆ ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟ, ಆಡುತ್ತಿದ್ದರಂತೆ. ಹೋದ ತಿಂಗಳು ಮನೆ ಬದಲಾಯಿಸುವಾಗ ಒಂದು ಬಿಸ್ಕತ್ ಡಬ್ಬ ನನ್ನ ಕೈಗಿಟ್ಟು "ಇನ್ನು ನೀನೇ ಇಟ್ಕೋ" ಅಂದರು. ಒಳಗೆ ಹತ್ತಿಯಲ್ಲಿ ಸುತ್ತಿಟ್ಟ 23 ಲೋಹದ ಗೊಂಬೆಗಳು. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ. ಈಟಿ ಹಿಡಿದ ಸಿಪಾಯಿಗಳು, ಇಬ್ಬರು ಮಂತ್ರವಾದಿಗಳು, ಉಳಿದವೆಲ್ಲ ಕಥೆಗಳಲ್ಲಿ ಬರುವ ಕುಳ್ಳ ಪಿಶಾಚಿಗಳು, ಅಂದರೆ ದೊಡ್ಡ ಮೂಗಿನ ಗಾಬ್ಲಿನ್‌ಗಳು. ಅಂಗೈಯಲ್ಲಿ ಇಟ್ಟುಕೊಂಡರೆ ಆ ಭಾರವೇ ಒಂದು ಸುಖ, ಪ್ಲಾಸ್ಟಿಕ್ಕಿನಲ್ಲಿ ಅದು ಸಿಗುವುದಿಲ್ಲ.

ಮಾವ ಎನಾಮಲ್ ಬಣ್ಣ ದಪ್ಪಗೆ ಬಳಿದಿದ್ದಾರೆ. ಮುಖಗಳೇ ಮುಚ್ಚಿಹೋಗಿವೆ. ತೆಗೆದು ಹೊಸದಾಗಿ ಹಚ್ಚುವ ಆಸೆ. ಆದರೆ ನಾನು ಚಿಕ್ಕವನಿದ್ದಾಗ ದಸರಾಕ್ಕೆ ಗೊಂಬೆ ಕೂರಿಸುವಾಗ ಅಮ್ಮ ಇವನ್ನು ಮಾವನ ಹತ್ತಿರ ಕೇಳಿ ತಂದು, ಕೆಳಗಿನ ಮೆಟ್ಟಿಲಲ್ಲಿ ಜಂಬೂಸವಾರಿಯ ಆನೆ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದರು. ಆ ಕೆಂಪು, ಆ ಹಸಿರು ಇನ್ನೂ ಕಣ್ಣಲ್ಲಿದೆ. ಏನು ಮಾಡಲಿ? ಇನ್ನೊಂದು, ಇವನ್ನು ಮಾಡಿದವರು ಯಾರು ಅಂತ ತಿಳಿಯುವುದು ಹೇಗೆ?

ತವರ_ಸೀಸ (ಮಲ್ಲೇಶ್ವರ)

ಮೊದಲು ಲೋಹ ಯಾವುದು ನೋಡಿ. ಬಣ್ಣ ಇಲ್ಲದ ಜಾಗವನ್ನು ಬಿಳಿ ಕಾಗದದ ಮೇಲೆ ಉಜ್ಜಿ. ಪೆನ್ಸಿಲ್ ಎಳೆದ ಹಾಗೆ ಬೂದು ಗೆರೆ ಬಿದ್ದರೆ ಸೀಸ ಜಾಸ್ತಿ ಇದೆ ಅಂತ. ಆ ಕಾಲದವಾದರೆ ಇದ್ದೇ ಇರುತ್ತದೆ. 1993ರಲ್ಲಿ ಇಂಥ ಗೊಂಬೆ ಮಾಡುವ ಅಮೆರಿಕದ ಕಂಪನಿ ರಾಲ್ ಪಾರ್ಥಾ ಸೀಸ ಬಿಟ್ಟಿತು, ಆ ದಶಕ ಮುಗಿಯುವಷ್ಟರಲ್ಲಿ ಉಳಿದ ದೊಡ್ಡವರೂ ತವರ ಹೆಚ್ಚಿರುವ ಮಿಶ್ರಣಕ್ಕೆ ಬಂದರು. ನಮ್ಮ ಬೀದಿಗೆ ಪಾತ್ರೆಗೆ ಕಲಾಯಿ ಹಾಕುವವರು ಬರುತ್ತಿದ್ದರಲ್ಲ, ಅದೇ ತವರ. ಹೆದರಬೇಡಿ, ಆದರೆ ಕೆಲಸ ಮಾಡುವಾಗ ಏನೂ ತಿನ್ನಬೇಡಿ, ಮುಗಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ, ಅರ ಹಾಕುವುದಿದ್ದರೆ ಒದ್ದೆ ಮಾಡಿಕೊಂಡು ಹಾಕಿ, ಪುಡಿ ಹಾರಬಾರದು. ಮಕ್ಕಳ ಕೈಗೆ ಕೊಡಬೇಡಿ.

ಬಣ್ಣ ತೆಗೆಯಲು ಡೆಟಾಲ್ ಸಾಕು. ನೀರು ಬೆರೆಸದೆ ಗಾಜಿನ ಬಾಟಲಿಗೆ ಹಾಕಿ, ಒಂದು ರಾತ್ರಿ ನೆನೆಸಿ, ಗ್ಲೌಸ್ ಹಾಕಿಕೊಂಡು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಈ ಹಂತದಲ್ಲಿ ನೀರು ತಾಗಿಸಿದರೆ ಬಣ್ಣವೆಲ್ಲ ಅಂಟಂಟಾಗಿ ಕೂತುಬಿಡುತ್ತದೆ. ಇನ್ನೊಮ್ಮೆ ಡೆಟಾಲ್‌ನಲ್ಲೇ ಅದ್ದಿ ತೆಗೆದು, ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ಎನಾಮಲ್ ಹಟ ಮಾಡಿದರೆ ಥಿನ್ನರ್, ಅದೂ ಗಾಳಿ ಆಡುವ ಕಡೆ ಮಾತ್ರ.

ಎಲ್ಲಾದರೂ ಬಿಳಿ ಪುಡಿ ಕಾಣುತ್ತಿದೆಯಾ ನೋಡಿ. ನಾನು 40 ಫಿಗರ್‌ಗಳನ್ನು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಶೋಕೇಸಿನಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ಮರದಿಂದ, ಅಂತಹ ಹಲಗೆಗಳಿಂದ ಹೊರಡುವ ಹುಳಿ ಆವಿ ಸೀಸವನ್ನು ತಿನ್ನುತ್ತದೆ. ಆರು ವರ್ಷ ಬಿಟ್ಟು ನೋಡಿದರೆ ಏಳು ಸಿಪಾಯಿಗಳ ಕಾಲು ಪುಡಿಯಾಗಿತ್ತು. ಈಗಲೂ ನೆನೆದರೆ ಸಂಕಟ ಆಗುತ್ತದೆ. ಸ್ಟೀಲ್ ಬೀರುವಿನಲ್ಲಿ ಇಡಿ.

ಸಣ್ಣ_ಬ್ರಷ್ (ಜಯನಗರ)

ದಯವಿಟ್ಟು 23ನ್ನೂ ಒಟ್ಟಿಗೆ ಡೆಟಾಲ್‌ಗೆ ಹಾಕಬೇಡಿ. ಸಿಪಾಯಿಗಳನ್ನು ಹಾಗೇ ಬಿಡಿ, ಅದು ನಿಮ್ಮ ಮಾವನ ಕೈಕೆಲಸ. ಮೊದಲು ಒಂದೇ ಒಂದು ಗಾಬ್ಲಿನ್ ಮೇಲೆ ಮಾಡಿ ನೋಡಿ.

ಮಾಡಿದವರ ವಿಷಯಕ್ಕೆ ಬರೋಣ. ಪ್ಲಾಸ್ಟಿಕ್ ಬೇಸ್‌ನಿಂದ ನಿಧಾನ ಬಿಡಿಸಿದರೆ ಪಾದದ ಕೆಳಗೆ ಒಂದು ಲೋಹದ ಪಟ್ಟಿ ಸಿಗುತ್ತದೆ. ಅದರಲ್ಲಿ ಹೆಸರು, ಕೆಲವದರಲ್ಲಿ ವರ್ಷ ಇರುತ್ತದೆ. 80ರ ದಶಕದ ನಡುವಿನಿಂದ ಇಂಗ್ಲೆಂಡಿನ ಗೊಂಬೆ ಕಂಪನಿ ಸಿಟಡೆಲ್‌ನವರು ಹೀಗೆ ಮಾಡಿದರು, ಅದಕ್ಕೂ ಮುಂಚೆ ಬೇಸ್ ಕೂಡ ಲೋಹದ್ದೇ, ಒಟ್ಟಿಗೇ ಎರಕ.

ಗೊಂಬೆ ಕೂರಿಸುವಾಗ ಇದು ಯಾರು ಕೊಟ್ಟಿದ್ದು, ಎಲ್ಲಿ ಕೊಂಡಿದ್ದು ಅಂತ ಹೇಳುತ್ತೇವೆ. ಮಾಡಿದವರ ಹೆಸರು ನಮಗೆ ಗೊತ್ತೇ ಇರುವುದಿಲ್ಲ. ಇಲ್ಲಿ ಗೊತ್ತಿದೆ, ಅದು ನಮ್ಮ ಭಾಗ್ಯ. ಇಂಥ ಗೊಂಬೆಗಳ ಶಿಲ್ಪಿಗಳಲ್ಲಿ ಕೆವಿನ್ ಆಡಮ್ಸ್ ಅಂದರೆ ಗಾಬ್ಲಿನ್ ಮುಖಗಳು. ಅಲಿ ಮತ್ತು ಟ್ರಿಶ್ ಮಾರಿಸನ್ ಗಂಡ ಹೆಂಡತಿ ಸೇರಿ 1988ರಲ್ಲಿ ಮರೋಡರ್ ಅನ್ನುವ ಗೊಂಬೆ ಕಂಪನಿ ಶುರು ಮಾಡಿದರು. ಜೆಸ್ ಗುಡ್ವಿನ್, ಟಾಮ್ ಮೇಯರ್ ಇದ್ದಾರೆ. ಪೆರ್ರಿ ಅವಳಿ ಅಣ್ಣತಮ್ಮಂದಿರು, ಮೈಕೆಲ್ ಮತ್ತು ಅಲನ್, ಇವರನ್ನಂತೂ ಮರೆಯಬಾರದು. 1996ರಲ್ಲಿ ಫ್ರಾನ್ಸಿನಲ್ಲಿ ಹಳೇ ಯುದ್ಧವೊಂದನ್ನು ಮತ್ತೆ ಆಡಿ ತೋರಿಸುವ ಪ್ರದರ್ಶನ ನಡೆಯುವಾಗ ಫಿರಂಗಿ ಅವಘಡದಲ್ಲಿ ಮೈಕೆಲ್ ಬಲಗೈ ಹೋಯಿತು. ಅವರು ಎಡಗೈಯಲ್ಲಿ ಮೊದಲಿಂದ ಕಲಿತು ಮತ್ತೆ ಸಿಪಾಯಿಗಳನ್ನು ಮಾಡಿದರು. ಬೆರಳುಗುರಿನಷ್ಟು ಜಾಗದಲ್ಲಿ ಗುಂಡಿ, ಹೊಲಿಗೆ, ಮೀಸೆ ತೆಗೆಯುವ ಕೆಲಸ ಇದು, ಯೋಚಿಸಿ ನೋಡಿ.

ತಂತಿಯ ಚೌಕಟ್ಟಿನ ಮೇಲೆ, ನಮ್ಮ ಎಂ-ಸೀಲ್ ಹಾಗೆ ಎರಡು ಬಣ್ಣದ ಪುಟ್ಟಿ ಕಲಸಿ, ಗಟ್ಟಿಯಾಗುವ ಮುಂಚೆ ಸೂಜಿಯಂಥ ಹತಾರದಲ್ಲಿ ತಿದ್ದುತ್ತಾರೆ. ಅದನ್ನು ದುಂಡನೆಯ ರಬ್ಬರ್ ಬಿಲ್ಲೆಗಳ ನಡುವೆ ಒತ್ತಿ, ಕಾಯಿಸಿ ಅಚ್ಚು ತೆಗೆಯುತ್ತಾರೆ. ಆ ಅಚ್ಚನ್ನು ಗರಗರ ತಿರುಗಿಸುತ್ತಾ ನಡುವೆ ಕರಗಿದ ಲೋಹ ಸುರಿದರೆ ಅದು ಅಂಚಿಗೆ ನುಗ್ಗಿ ಮೂಗು ಬೆರಳು ಎಲ್ಲ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿ ಕಾಣುವ ಸಣ್ಣ ಏಣು ಎರಡು ಬಿಲ್ಲೆ ಸೇರಿದ ಗುರುತು.

ಚಿಕ್ಕಪೇಟೆ_ಭಾನುವಾರ

ಮೇಲಿನವರ ಮಾತು ಒಪ್ಪುತ್ತೇನೆ, ಒಂದು ಬಿಟ್ಟು. ಮಾವನನ್ನೇ ಕೇಳಿ. ಅವರು ತೆಗಿ ಅಂದರೆ ಎಲ್ಲ ತೆಗೆಯಿರಿ.

ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೂ ಮುಂಚೆ ಹಚ್ಚುವ ತಳದ ಲೇಪ) ಬೇಡ, ನಮ್ಮ ಊರಿನ ತೇವಕ್ಕೆ ಮರಳು ಮರಳಾಗುತ್ತದೆ. ಬ್ರಷ್‌ನಿಂದ ಹಚ್ಚಿ. ಬಣ್ಣ ಹಾಲಿನಷ್ಟು ತೆಳು ಮಾಡಿ ಎರಡು ಮೂರು ಸಲ ಹಚ್ಚಿ, ಬೇಸಿಗೆಯಲ್ಲಾದರೆ ಒದ್ದೆ ಬಟ್ಟೆ ಮೇಲೆ ಬಟರ್ ಪೇಪರ್ ಹಾಕಿ ಅದರ ಮೇಲೆ ಬಣ್ಣ ಕಲಸಿ, ಬೇಗ ಒಣಗುವುದಿಲ್ಲ. ಎಸ್‌.ಪಿ. ರೋಡಿನಲ್ಲಿ ಮೊಬೈಲ್ ರಿಪೇರಿಯವರು ಬಳಸುವ ಲೆನ್ಸ್ ದೀಪ ಸಿಗುತ್ತದೆ, ತಗೊಳ್ಳಿ.

ಬಿಸ್ಕತ್_ಡಬ್ಬ (ಬಸವನಗುಡಿ)

ಮಾವನಿಗೆ ಫೋನ್ ಮಾಡಿದೆ. "ಒಂದು ತೆಗಿ, ಕೆಳಗೆ ಏನಿದೆ ನನಗೂ ನೋಡ್ಬೇಕು" ಅಂದರು. ನಿನ್ನೆ ರಾತ್ರಿ ಒಂದು ಗಾಬ್ಲಿನ್ ನೆನೆಸಿದ್ದೆ, ಬೆಳಿಗ್ಗೆ ಉಜ್ಜಿದೆ. ನಾವು ಇಷ್ಟು ವರ್ಷ ಬಾಯಿ ಮುಚ್ಚಿದೆ ಅಂದುಕೊಂಡಿದ್ದೆವು. ಬಾಯಿ ತೆರೆದಿದೆ! ಮೇಲೆ ಮೂರು ಹಲ್ಲು, ಒಂದು ಮುರಿದಿದೆ, ನಾಲಿಗೆ ತುದಿ ಆ ಸಂದಿಯಲ್ಲಿದೆ. ಪಟ್ಟಿ ಮೇಲೆ 1985 ಅಂತ ಓದಲು ಬರುತ್ತಿದೆ. ಫೋಟೋ ನೋಡಿ ಮಾವ ಹತ್ತು ನಿಮಿಷದಲ್ಲಿ ಮೂರು ಸಲ ಫೋನ್ ಮಾಡಿದರು. ಭಾನುವಾರ ಬರುತ್ತಾರಂತೆ, ಇಬ್ಬರೂ ಕೂತು ಹಚ್ಚುತ್ತೇವೆ. ನಾಲಿಗೆಗೆ ಬರೀ ಗುಲಾಬಿ ಹಚ್ಚಲಾ, ಸ್ವಲ್ಪ ನೇರಳೆ ಬೆರೆಸಲಾ?