ಅಮ್ಮನಿಗೆ ಸ್ತನ ಕ್ಯಾನ್ಸರ್ ಬಂದಿತ್ತು: ನಾನು ವಂಶವಾಹಿ ಪರೀಕ್ಷೆ ಮಾಡಿಸಿಕೊಳ್ಳಲೇ?

ಅಮ್ಮನಿಗೆ 43ರಲ್ಲಿ ಸ್ತನ ಕ್ಯಾನ್ಸರ್ ಬಂದಿತ್ತು, ಈಗ ಗುಣವಾಗಿದ್ದಾರೆ. ಚಿಕ್ಕಮ್ಮ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡರು. ನನಗೆ 31. ವೈದ್ಯರು ಬಿಆರ್‌ಸಿಎ ಪರೀಕ್ಷೆ ಸೂಚಿಸಿದ್ದಾರೆ, ಅಂದರೆ ಈ ಎರಡು ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ, ಮನೆತನದಲ್ಲಿ ಇಳಿದು ಬರುವ ವಂಶವಾಹಿ ದೋಷವನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ. ತಂಗಿಗೆ ಗಂಡು ನೋಡುತ್ತಿರುವ ಹೊತ್ತಿನಲ್ಲಿ ಬೇಡ ಎನ್ನುತ್ತಾರೆ ಅಪ್ಪ. ಮಾಡಿಸಿಕೊಂಡವರು, ಬೇಡವೆಂದವರು, ಇಬ್ಬರೂ ಹೇಳಿ.

*

ತಂಗಿ, ಮೊದಲು ಪರೀಕ್ಷೆಯಾಗಬೇಕಾದದ್ದು ನಿಮ್ಮ ಅಮ್ಮನಿಗೆ. ಕಾಯಿಲೆ ಬಂದವರಲ್ಲಿ ದೋಷ ಸಿಕ್ಕಿದರೆ ಮಿಕ್ಕವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ಅಮ್ಮನಲ್ಲಿ ಏನಿದೆಯೆಂದು ತಿಳಿಯದೆ ನಿಮ್ಮ ವರದಿಯಷ್ಟೇ ‘ಏನೂ ಇಲ್ಲ’ ಎಂದರೆ ಅದನ್ನು ನಂಬಿ ನಿಶ್ಚಿಂತೆಯಿಂದ ಇರುವಂತಿಲ್ಲ.

ನಮ್ಮ ಮನೆಗೆ ಇದು ಅಪ್ಪನ ಕಡೆಯಿಂದ ಬಂತು. ಅಕ್ಕನಿಗೆ ಕಾಯಿಲೆಯಾದಾಗ ಎಲ್ಲರೂ ಅಮ್ಮನ ತವರನ್ನೇ ಜಾಲಾಡಿದರು. ಸೋದರತ್ತೆ ಹೊಟ್ಟೆಯ ಗಡ್ಡೆಯಿಂದ ಸತ್ತದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಮದುವೆಯಾಗಿ ಹೋದವಳಲ್ಲವೇ, ಅವಳ ಕಾಯಿಲೆ ಆ ಮನೆಯದು! ಬಿಆರ್‌ಸಿಎ ದೋಷ ತಂದೆಯಿಂದಲೂ ಇಳಿಯುತ್ತದೆ. ಮಗನಿರಲಿ ಮಗಳಿರಲಿ, ಪ್ರತಿಯೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ.

ಬಿಆರ್‌ಸಿಎ ವಂಶವಾಹಿಗಳು ಎರಡು, 1 ಮತ್ತು 2. ನನ್ನಲ್ಲಿ ದೋಷ ಸಿಕ್ಕಿದ್ದು ಬಿಆರ್‌ಸಿಎ1ರಲ್ಲಿ. ಇಂಥ ದೋಷವಿರುವ ನೂರು ಹೆಂಗಸರಲ್ಲಿ ಸುಮಾರು 70 ಮಂದಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ, 40ರ ಆಸುಪಾಸು ಮಂದಿಗೆ ಅಂಡಾಶಯದ್ದು. ನನ್ನನ್ನು ಹೆಚ್ಚು ಹೆದರಿಸಿದ್ದು ಎರಡನೆಯದೇ, ಏಕೆಂದರೆ ಅದನ್ನು ಮೊದಲ ಹಂತದಲ್ಲೇ ಹಿಡಿಯುವ ನಂಬಲರ್ಹ ತಪಾಸಣೆ ಇಲ್ಲ. ಮಕ್ಕಳಾದ ಮೇಲೆ, 38ರಲ್ಲಿ ಅಂಡಾಶಯ, ಅಂಡನಾಳಗಳನ್ನು ತೆಗೆಸಿದೆ. ಮುಟ್ಟು ಒಮ್ಮೆಲೇ ನಿಂತಿತು. ಮೈಯೆಲ್ಲ ಬಿಸಿ, ರಾತ್ರಿ ನಿದ್ದೆಯಿಲ್ಲ, ಸುಲಭವಾಗಿತ್ತು ಎನ್ನಲಾರೆ. ಸ್ತನಗಳನ್ನು ಉಳಿಸಿಕೊಂಡಿದ್ದೇನೆ, ಪ್ರತಿ ವರ್ಷ ಎಂಆರ್‌ಐ ಮತ್ತು ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸುತ್ತೇನೆ. 2013ರಲ್ಲಿ ನಟಿ ಆಂಜೆಲಿನಾ ಜೋಲಿ ತಮ್ಮ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದದ್ದು ಒಳ್ಳೆಯದೇ ಆಯಿತು, ಆದರೆ ದೋಷ ಸಿಕ್ಕವರೆಲ್ಲ ಸ್ತನ ತೆಗೆಸಲೇಬೇಕು ಎಂದೇನೂ ಇಲ್ಲ.

ನಿಮ್ಮ ಅಪ್ಪನ ಭಯ ನನಗೆ ಅರ್ಥವಾಗುತ್ತದೆ. ನಮ್ಮಲ್ಲೂ ಒಂದು ಸಂಬಂಧ ತಪ್ಪಿತು. ಆದರೂ ಅಕ್ಕನ ಮಗಳಿಗೆ ವಿಷಯ ಮುಚ್ಚಿಡಲು ನಾನು ಒಪ್ಪಲಿಲ್ಲ.

*

ನನ್ನ ವರದಿಯಲ್ಲಿ ಬಂದದ್ದು ‘ಅರ್ಥ ಖಚಿತವಾಗದ ಬದಲಾವಣೆ’, ಅಂದರೆ ವಂಶವಾಹಿಯಲ್ಲಿ ಬದಲಾವಣೆಯಿದೆ, ಅದು ಅಪಾಯದ್ದೋ ಅಲ್ಲವೋ ಇನ್ನೂ ಗೊತ್ತಿಲ್ಲ. ಜಗತ್ತಿನ ವಂಶವಾಹಿ ದತ್ತಾಂಶದಲ್ಲಿ ಭಾರತೀಯರ ಮಾಹಿತಿ ಕಡಿಮೆಯಿರುವುದರಿಂದ ನಮ್ಮವರಿಗೆ ಇಂಥ ಉತ್ತರ ಬರುವುದು ಹೆಚ್ಚಂತೆ. ಅದನ್ನು ನೆಚ್ಚಿಕೊಂಡು ಶಸ್ತ್ರಚಿಕಿತ್ಸೆಗೆ ಹೋಗಬಾರದು. ಪರೀಕ್ಷೆಗೆ ಮುಂಚೆಯೇ ಆಪ್ತಸಮಾಲೋಚಕಿ ಇದನ್ನೆಲ್ಲ ಬಿಡಿಸಿ ಹೇಳಿದ್ದರಿಂದ ತಡೆದುಕೊಂಡೆ. ಸಮಾಲೋಚನೆಯಿಲ್ಲದೆ ರಕ್ತ ಕೊಡಲೇಬೇಡಿ.

*

ನಾನು ಸದ್ಯಕ್ಕೆ ಬೇಡವೆಂದವಳು. ಅಕ್ಕನಲ್ಲಿ ಬಿಆರ್‌ಸಿಎ2 ದೋಷವಿದೆ, ನನಗಿನ್ನೂ 22. ವಿಶೇಷ ತಪಾಸಣೆ ಶುರುವಾಗುವುದೇ 25ರ ಹೊತ್ತಿಗೆ. ಅಲ್ಲಿಯವರೆಗೆ ಗೊತ್ತಾದರೂ ಮಾಡುವುದೇನಿದೆ? ಅಕ್ಕನಿಗೆ ಬೇಸರವಿದೆ, ಒತ್ತಾಯ ಮಾಡಿಲ್ಲ. ನಿಮ್ಮ ವಯಸ್ಸಿನಲ್ಲಿ ನಾನಿದ್ದರೆ ಮಾಡಿಸುತ್ತಿದ್ದೆ.

*

ಮೇಲೆ ಮೊದಲ ಉತ್ತರ ಬರೆದವಳು ನಾನೇ, ಇನ್ನೊಂದು ಮಾತು. ಅಮ್ಮನ ವರದಿ ಬಂದರೆ ‘ಪಾಸಿಟಿವ್’ ಎಂದಷ್ಟೇ ನೆನಪಿಟ್ಟುಕೊಳ್ಳಬೇಡಿ. ಪೂರ್ತಿ ಪ್ರತಿ ತೆಗೆದಿಡಿ. ಯಾವ ವಂಶವಾಹಿಯಲ್ಲಿ ಯಾವ ಬದಲಾವಣೆ ಎಂಬ ಆ ಒಂದು ಸಾಲು ನಿಮ್ಮ ತಂಗಿಗೆ, ಸೋದರಮಾವಂದಿರಿಗೆ, ಚಿಕ್ಕಮ್ಮನ ಮಕ್ಕಳಿಗೆ ಬೇಕಾಗುತ್ತದೆ.