ಅರಿಶಿನ-ಬೆಲ್ಲದ ನೀರು ಕೊಟ್ಟರೂ ಕೋಳಿಮರಿಗಳ ಹಿಕ್ಕೆಯಲ್ಲಿ ರಕ್ತ. ಎಲ್ಲಿ ತಪ್ಪಾಗಿದೆ?

ತೋಟದಮನೆ_ತಿಪಟೂರು · ಸೋಮವಾರ, ಬೆಳಿಗ್ಗೆ 7.10

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 110 ಸ್ವರ್ಣಧಾರಾ ತಳಿಯ ಮರಿಗಳಿವೆ. ಇವತ್ತಿಗೆ 34 ದಿನ. ಔಷಧಿ ಹಾಕದೆ ಸಾಕೋಣ ಅಂತ ಮೊದಲಿನಿಂದಲೂ ಆಸೆ. ಅದಕ್ಕೆ 20ನೇ ದಿನದಿಂದ 10 ಲೀಟರ್ ನೀರಿಗೆ ನಾಲ್ಕು ಚಮಚ ಅರಿಶಿನ, ಒಂದು ಹಿಡಿ ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಕಾಳುಮೆಣಸು, ಒಂದು ಉಂಡೆ ಬೆಲ್ಲ ಹಾಕಿ ಕುದಿಸಿ ದಿನಾ ಕೊಡುತ್ತಿದ್ದೇನೆ. ಒಂದು ವಿಡಿಯೋದಲ್ಲಿ ನೋಡಿದ್ದು.

ಮೂರು ದಿನದಿಂದ ಮರಿಗಳು ರೆಕ್ಕೆ ಜೋತುಬಿಟ್ಟು ಮೂಲೆಯಲ್ಲಿ ಗುಂಪಾಗಿ ನಿಲ್ಲುತ್ತಿವೆ. ಹಿಕ್ಕೆಯಲ್ಲಿ ಕೆಂಪು. ನಿನ್ನೆ ರಾತ್ರಿಯವರೆಗೆ 7 ಸತ್ತಿವೆ. ಅರಿಶಿನ ಜಾಸ್ತಿ ಮಾಡಲಾ?

ಬೇವಿನಕಟ್ಟೆ · 7.40

ಬೇವಿನ ಸೊಪ್ಪು ಅರೆದು ಸೇರಿಸಿ. ನಮ್ಮಜ್ಜಿ ಕಾಲದಿಂದ ಅದೇ ಮದ್ದು. ಎರಡು ದಿನದಲ್ಲಿ ಸರಿಯಾಗುತ್ತೆ.

ಹೊಟ್ಟು_ಹುಂಜ · 8.05

ಬೇವು ಈಗ ಬೇಡ. ಕಹಿ ಜಾಸ್ತಿಯಾದರೆ ಮೇವು, ನೀರು ಎರಡನ್ನೂ ಬಿಡುತ್ತವೆ. ಮೊದಲೇ ಸೊರಗಿರುವ ಮರಿಗಳು.

ತಿಪಟೂರಿನವರೇ, ಇಷ್ಟು ಹೇಳಿ. ನೆಲಕ್ಕೆ ಏನು ಹಾಸಿದ್ದೀರಿ? ಅದನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆಯಾಗಿ ನಿಲ್ಲುತ್ತಾ, ಉದುರುತ್ತಾ? ಮೇವು ಕಂಪನಿಯದಾ, ಮನೆಯದಾ? ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿದ್ದೀರಾ? ಹಿಕ್ಕೆ ಹಸಿರು-ಬಿಳಿ ಇದೆಯಾ, ಇಲ್ಲಾ ರಕ್ತವೇ ಇದೆಯಾ?

ತೋಟದಮನೆ_ತಿಪಟೂರು · 8.50

ಭತ್ತದ ಹೊಟ್ಟು ಹಾಸಿದ್ದೇವೆ. ಹಿಂಡಿದೆ, ಉಂಡೆಯಾಯಿತು. ಡ್ರಿಂಕರ್ ಸುತ್ತ ಅಂಟಂಟು, ಒಂಥರಾ ಹುಳಿ ವಾಸನೆ. ಮಳೆ ಬೇರೆ ಬಿಟ್ಟಿಲ್ಲ. ಮೂರು ವಾರ ಕಂಪನಿ ಸ್ಟಾರ್ಟರ್ (ಎಳೆ ಮರಿಗಳ ಮೇವು) ಕೊಟ್ಟೆ. ಆಮೇಲೆ ರೇಟು ತಡೆಯಲಾರದೆ ಮೆಕ್ಕೆಜೋಳ, ರಾಗಿ, ತೌಡು, ಕಡಲೆಕಾಯಿ ಹಿಂಡಿ ಸೇರಿಸಿ ಮನೆಯಲ್ಲೇ ಮಾಡುತ್ತಿದ್ದೇನೆ. 7ನೇ ದಿನ, 28ನೇ ದಿನ ಲಸೋಟಾ ಲಸಿಕೆ ಹಾಕಿಸಿದ್ದೇನೆ. ಹಸಿರಿಲ್ಲ, ರಕ್ತವೇ.

ಹೊಟ್ಟು_ಹುಂಜ · 9.20

ಹಾಗಾದರೆ ಇದು ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್ ಅನ್ನಿಸುತ್ತದೆ. ನೀವು ಹೇಳಿದ ವಯಸ್ಸು, ಒದ್ದೆ ಹೊಟ್ಟು, ಮಳೆ, ಎಲ್ಲ ಅದಕ್ಕೇ ಹೊಂದುತ್ತದೆ. ಆದರೂ ಊಹೆ ಮೇಲೆ ಔಷಧಿ ಹಾಕಬೇಡಿ. ಇವತ್ತು ಸತ್ತ ಮರಿ ಇದ್ದರೆ ಒಂದನ್ನು, ಜೊತೆಗೆ ಹೊಸ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ಯಿರಿ. ಕೊಯ್ದು ನೋಡಿದರೆ ಕರುಳಿನ ಕೊನೆಯಲ್ಲಿರುವ ಎರಡು ಕುರುಡು ಚೀಲಗಳಲ್ಲಿ ರಕ್ತ ತುಂಬಿರುತ್ತದೆ. ಹೋಗಲು ಆಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಈಗ ತಪ್ಪಿನ ವಿಷಯ. ಬೇಜಾರು ಮಾಡಿಕೊಳ್ಳಬೇಡಿ. ಅರಿಶಿನ ಕೊಟ್ಟಿದ್ದು ತಪ್ಪಲ್ಲ, ನೀರಿಗೆ ಹಾಕಿದ್ದು ತಪ್ಪು. ಅರಿಶಿನದ ಸತ್ವ ನೀರಿನಲ್ಲಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಗಸಿ ಸಿಕ್ಕಿಕೊಂಡು ಡ್ರಿಂಕರ್ ಕಟ್ಟಿ ತುಳುಕುತ್ತದೆ. ಬೆಲ್ಲದ ನೀರು ಅರ್ಧ ದಿನಕ್ಕೇ ಹುಳಿಯುತ್ತದೆ. ಅದೆಲ್ಲ ಹೊಟ್ಟಿಗೆ ಇಳಿದಿದೆ. ಈ ರೋಗದ ಸೂಕ್ಷ್ಮಜೀವಿಯ ಮೊಟ್ಟೆ ಹಿಕ್ಕೆಯಲ್ಲಿ ಬಿದ್ದಾಗ ತಕ್ಷಣ ರೋಗ ತರುವುದಿಲ್ಲ. ತೇವ, ಬಿಸಿ, ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಆ ತೇವವನ್ನು ನಿಮ್ಮ ಕಷಾಯವೇ ಒದಗಿಸಿದೆ.

ಇನ್ನೊಂದು. ಕಂಪನಿ ಸ್ಟಾರ್ಟರ್‌ನಲ್ಲಿ ಸಾಮಾನ್ಯವಾಗಿ ಈ ರೋಗ ತಡೆಯುವ ಔಷಧಿ ಸೇರಿರುತ್ತದೆ. ಚೀಲದ ಚೀಟಿ ಓದಿ ನೋಡಿ. ನೀವು ಮೇವು ಬದಲಿಸಿದ ದಿನವೇ ಅದೂ ನಿಂತಿರಬೇಕು.

ಬೇವಿನಕಟ್ಟೆ · 9.45

ಅಜ್ಜಿ ಕೋಳಿಗೆ ಸ್ಟಾರ್ಟರ್ ಎಲ್ಲಿತ್ತು ಸ್ವಾಮಿ?

ಹೊಟ್ಟು_ಹುಂಜ · 10.00

ಅಜ್ಜಿ 110 ಮರಿಗಳನ್ನು ಒಂದೇ ಶೆಡ್ಡಿನಲ್ಲಿ ಕೂಡಿಹಾಕಿರಲಿಲ್ಲ ಅಲ್ವಾ. ಹತ್ತು ಕೋಳಿ, ಊರೆಲ್ಲ ಅಂಗಳ. ಹಿಕ್ಕೆ ಬಿಸಿಲಿಗೆ ಒಣಗುತ್ತಿತ್ತು.

ತೋಟದಮನೆ_ತಿಪಟೂರು · ಬುಧವಾರ, ಸಂಜೆ 6.30

ಆಸ್ಪತ್ರೆಗೆ ಹೋಗಿ ಬಂದೆ, ರಕ್ತಭೇದಿಯೇ. ಮೇವಿನ ಚೀಲದ ಚೀಟಿಯನ್ನೂ ಓದಿದೆ, ನೀವು ಹೇಳಿದಂತೆಯೇ ಇದೆ. ಡಾಕ್ಟರು ಆಂಪ್ರೋಲಿಯಂ ಶೇ 20ರ ಪುಡಿ ಬರೆದರು, ಲೀಟರ್ ನೀರಿಗೆ 1.2 ಗ್ರಾಂ. ನಿನ್ನೆ ಬೆಳಿಗ್ಗೆಯಿಂದ ಕೊಡುತ್ತಿದ್ದೇನೆ. ಶಕ್ತಿ ಬರಲಿ ಅಂತ ಬಿ-ಕಾಂಪ್ಲೆಕ್ಸ್ ಟಾನಿಕ್ಕನ್ನೂ ಅದೇ ನೀರಿಗೆ ಹಾಕಿದೆ. ಇವತ್ತು ಇನ್ನೂ 4 ಹೋದವು. ಔಷಧಿ ನಕಲಿಯಾ?

ಲೇಯರ್_ಲೆಕ್ಕ · 6.55

ಟಾನಿಕ್ ಈಗಲೇ ನಿಲ್ಲಿಸಿ! ಆಂಪ್ರೋಲಿಯಂ ಕೆಲಸ ಮಾಡುವುದೇ ಬಿ1 ವಿಟಮಿನ್ ವೇಷದಲ್ಲಿ. ಆ ರೋಗದ ಜೀವಿ ಅದನ್ನು ಬಿ1 ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ನಿಜವಾದ ಬಿ1 ಸಿಗದೆ ಸೊರಗುತ್ತದೆ. ನೀವು ಪಕ್ಕದಲ್ಲೇ ಅಸಲಿ ಬಿ1 ಸುರಿದರೆ ಅದಕ್ಕೆ ಹಬ್ಬ. ಟಾನಿಕ್ ಏನಿದ್ದರೂ ಕೋರ್ಸ್ ಮುಗಿದ ಮೇಲೆ.

1.2 ಗ್ರಾಂ ಅಂದರೆ ಜೋರಾಗಿ ಬಂದಾಗ ಕೊಡುವ ಅಳತೆ. ಸರಿಯಾಗಿಯೇ ಬರೆದಿದ್ದಾರೆ. ಬೇರೆ ನೀರು ಇಡಬೇಡಿ, ದಿನಾ ಹೊಸದಾಗಿ ಕಲಸಿ. ಚಮಚದ ಲೆಕ್ಕ ಬೇಡ, ಅಕ್ಕಸಾಲಿಗರ ತಕ್ಕಡಿಯಂಥ ಸಣ್ಣ ಡಿಜಿಟಲ್ ತಕ್ಕಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ.

ಹೊಟ್ಟು_ಹುಂಜ · 7.20

ಒದ್ದೆ ಹೊಟ್ಟು ತೆಗೆದಿರಾ? ತೆಗೆಯದಿದ್ದರೆ ಒಂದು ಕಡೆ ಔಷಧಿ, ಇನ್ನೊಂದು ಕಡೆ ಅದೇ ನೆಲದಿಂದ ಮತ್ತೆ ರೋಗ. ಮೇಲ್ಪದರ ಕೆರೆದು ಹೊರಗೆ ಹಾಕಿ, ಒಣ ಹೊಟ್ಟು ಹಾಸಿ. ಡ್ರಿಂಕರ್‌ನ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಬರಲಿ. ಫಿನೈಲ್ ಸುರಿದರೆ ಈ ಮೊಟ್ಟೆಗಳು ಸಾಯುವುದಿಲ್ಲ, ಸುಮ್ನೆ ದುಡ್ಡು ಹಾಳು. ಮರಿಗಳು ಒಳಗಿರುವಾಗ ಸುಣ್ಣವನ್ನೂ ಎರಚಬೇಡಿ, ಅಮೋನಿಯಾ ಎದ್ದು ಕಣ್ಣು ಉರಿಯುತ್ತದೆ.

ತೋಟದಮನೆ_ತಿಪಟೂರು · ಮುಂದಿನ ಸೋಮವಾರ, ರಾತ್ರಿ 9.00

ಶುಕ್ರವಾರದಿಂದ ಒಂದೂ ಸತ್ತಿಲ್ಲ. 97 ಉಳಿದಿವೆ. ಹಿಕ್ಕೆ ಗಟ್ಟಿಯಾಗಿದೆ, ಮೇವಿಗೆ ಮುಗಿಬೀಳುತ್ತಿವೆ. ತುಂಬಾ ಉಪಕಾರ ಆಯಿತು.

ನಾಚಿಕೆ ಬಿಟ್ಟು ಕೇಳುತ್ತೇನೆ. ಅರಿಶಿನ ಬೆಳ್ಳುಳ್ಳಿ ಪೂರ್ತಿ ಬಿಟ್ಟುಬಿಡಲಾ? ಮನೆ ಅರಿಶಿನ ಎರಡು ಚೀಲ ಇದೆ.

ಲೇಯರ್_ಲೆಕ್ಕ · 9.30

ಬಿಡಬೇಡಿ, ಆದರೆ ಅದು ಸಾರಿಗೆ ಹಾಕುವ ಒಗ್ಗರಣೆ ಇದ್ದ ಹಾಗೆ, ಸಾರೇ ಅಲ್ಲ. ಯುರೋಪಿನಲ್ಲಿ 2006ರಿಂದ ಬೆಳವಣಿಗೆಗೆಂದು ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವುದು ನಿಷೇಧ. ನಮ್ಮಲ್ಲೂ 2019ರಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ನಿಂತಿತು. ಹಾಗಾಗಿ ದೊಡ್ಡ ಕಂಪನಿಗಳೂ ಈಗ ಗಿಡಮೂಲಿಕೆ ಪುಡಿ, ಎಣ್ಣೆ ಮಾರುತ್ತಿವೆ. ಓಂಕಾಳಿನಲ್ಲಿರುವ ಥೈಮಾಲ್, ದೊಡ್ಡಪತ್ರೆಯಲ್ಲಿರುವ ಕಾರ್ವಾಕ್ರಾಲ್, ಇವೇ ಆ ದುಬಾರಿ ಡಬ್ಬಗಳಲ್ಲೂ ಇರುವುದು. ಕರುಳು ಚೆನ್ನಾಗಿರಲು ಒಂದಷ್ಟು ನೆರವಾಗುತ್ತವೆ. ಕೆಲವು ಪ್ರಯೋಗಗಳಲ್ಲಿ ಒಳ್ಳೆಯ ಫಲ ಬಂದಿದೆ, ಕೆಲವುಗಳಲ್ಲಿ ಏನೂ ಇಲ್ಲ. ರೋಗ ಬಂದ ಮೇಲೆ ನಂಬುವಂಥದ್ದಂತೂ ಅಲ್ಲ. ಕೊಕ್ಕರೆ ರೋಗದ ಲಸಿಕೆ ಬದಲಿಗೆ ಅರಿಶಿನ ಅನ್ನುವವರ ಮಾತು ಕೇಳಲೇಬೇಡಿ.

ನಾನು 100 ಕೆಜಿ ಮೇವಿಗೆ ಅರ್ಧ ಕೆಜಿ ಅರಿಶಿನ, ಅರ್ಧ ಕೆಜಿ ಒಣ ಬೆಳ್ಳುಳ್ಳಿ ಪುಡಿ ಹಾಕುತ್ತೇನೆ. ಮೊದಲು ಎರಡು ಕೆಜಿ ಮೇವಿನಲ್ಲಿ ಕಲಸಿ, ಆಮೇಲೆ ಪೂರ್ತಿ ರಾಶಿಗೆ. ಬೆಳ್ಳುಳ್ಳಿ ಜಾಸ್ತಿಯಾದರೆ ಮೊಟ್ಟೆಗೇ ವಾಸನೆ ಬರುತ್ತದೆ. ಈರುಳ್ಳಿ ಬೇಡ, ಅದು ರಕ್ತ ಕೆಡಿಸುತ್ತದೆ. ಅಂಗಡಿ ಪುಡಿಗಿಂತ ನಿಮ್ಮ ಕೊಂಬೇ ಮೇಲು, ಬಣ್ಣ ಬೆರೆಸಿದ ಭಯವಿಲ್ಲ. ಮುಗ್ಗಲು ಹಿಡಿದಿದ್ದರೆ ಮಾತ್ರ ಎಸೆಯಿರಿ. ಹಿಂಡಿಗೂ ಅದೇ ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ.

ಬೇವಿನಕಟ್ಟೆ · 9.50

ಒಪ್ಪಿದೆ. ಅರಿಶಿನದಿಂದ ಮೊಟ್ಟೆ ಹಳದಿ ಕಡುವಾಗುತ್ತೆ ಅನ್ನುವುದಾದರೂ ನಿಜ ತಾನೆ?

ಲೇಯರ್_ಲೆಕ್ಕ · 10.05

ಅದೂ ಇಲ್ಲ ಸ್ವಾಮಿ! ಅರಿಶಿನದ ಬಣ್ಣ ಹಳದಿಗೆ ಇಳಿಯುವುದು ತೀರಾ ಕಡಿಮೆ. ಹಳದಿ ಬರುವುದು ಸೊಪ್ಪು, ಮೆಕ್ಕೆಜೋಳ, ಚೆಂಡುಹೂವಿನಿಂದ. ಕೆಂಪು ಬೇಕಿದ್ದರೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿ. ಕೋಳಿಗೆ ಖಾರ ಗೊತ್ತೇ ಆಗುವುದಿಲ್ಲ. ಗಿಣಿ ಹಸಿಮೆಣಸಿನಕಾಯಿ ಕಚ್ಚುವುದನ್ನು ನೋಡಿಲ್ವಾ?

ತೋಟದಮನೆ_ತಿಪಟೂರು · 10.15

ಕೊನೆಯದೊಂದು. ಮುಂದಿನ ತಿಂಗಳು ಇನ್ನೊಂದು 100 ಮರಿ ತರಬೇಕು. ಇದೇ ಶೆಡ್ಡಿಗೆ ಬಿಡಬಹುದಾ?

ಹೊಟ್ಟು_ಹುಂಜ · 10.30

ಇವುಗಳ ಜೊತೆ ಬೇಡ. ಈ 97ಕ್ಕೆ ಈಗ ತಕ್ಕಮಟ್ಟಿಗೆ ತಡೆಯುವ ಶಕ್ತಿ ಬಂದಿರುತ್ತದೆ, ಆದರೂ ಹಿಕ್ಕೆಯಲ್ಲಿ ಆ ಮೊಟ್ಟೆಗಳು ಹೋಗುತ್ತಲೇ ಇರುತ್ತವೆ. ಹೊಸ ಮರಿಗಳಿಗೆ ಬೇರೆ ಜಾಗ, ಹೊಸ ಹೊಟ್ಟು, ಬೇರೆ ಡ್ರಿಂಕರ್. ದಿನಾ ಮೊದಲು ಮರಿಗಳ ಕೆಲಸ ಮುಗಿಸಿ, ಆಮೇಲೆ ದೊಡ್ಡವುಗಳ ಹತ್ತಿರ ಹೋಗಿ. ಚಪ್ಪಲಿಯನ್ನೂ ಬದಲಿಸಿ.